ಕಾಲಿನ ದುಡಿಮೆಗೊಂದು ತಕ್ಕಡಿ



ನಿಮ್ಮಲ್ಲಿ ಬಹಳ ಮಂದಿ ಸೈಕಲ್ ತುಳಿಯುವವರು. ಶಾಲೆಗೆ, ಕಾಲೇಜಿಗೆ, ಟ್ಯೂಷನ್ನಿಗೆ ಸೈಕಲ್ ಮೇಲೆ ಹೋಗಿಬರುವವರು. ಕೆಲವರು ಸ್ಪರ್ಧೆಗಳಲ್ಲಿಯೂ ಭಾಗವಹಿಸುತ್ತಿರಬಹುದು. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಂತೂ ರಸ್ತೆ ಸೈಕ್ಲಿಂಗ್ ಮೇಲೆ ಜನರಿಗೆ ವಿಶೇಷ ಪ್ರೀತಿ. ಅಲ್ಲಿನ ಹಳ್ಳಿಗಳ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸ್ಪರ್ಧೆಗಳವರೆಗೂ ಹೋಗಿದ್ದಾರೆ. ನಾನು ಆ ಭಾಗದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಬೆಳಗಿನ ಹೊತ್ತು ರಸ್ತೆಯ ಬದಿಗೆ ನಿಂತು ಸೈಕಲ್ ಪಟುಗಳ ಅಭ್ಯಾಸ ನೋಡುವುದು, ಅವರ ಸಮಯ, ದೂರಗಳ ಲೆಕ್ಕ ಬರೆದಿಡುವುದು ನನ್ನ ಹಳೆಯ ಹವ್ಯಾಸ.

ಈಚಿನ ವರ್ಷಗಳಲ್ಲಿ ಈ ಹುಡುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: “ಸರ್, ಪವರ್ ಮೀಟರ್ ತಗೋಬೇಕಂತ ಮಾಡೀನ್ರಿ, ಯಾವುದು ತಗೊಳ್ಳಲ್ರಿ?” ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಇಂದಿನ ಮಾತಿನ ಉದ್ದೇಶ. ಮೀಟರನ್ನು ಹೇಗೆ ಆರಿಸಬೇಕು, ತಂದ ಮೇಲೆ ಹೇಗೆ ಹೊಂದಿಸಬೇಕು ಎಂಬುದನ್ನು ನೋಡೋಣ. ಜೊತೆಗೆ, ಇದೇ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಮುಚ್ಚಿಡದೆ ಹೇಳುತ್ತೇನೆ.

ಮೊದಲು ಒಂದು ಸರಳ ಪ್ರಶ್ನೆ. ಸೈಕಲ್ ಸವಾರ ಎಷ್ಟು ಶ್ರಮಪಡುತ್ತಿದ್ದಾನೆ ಎಂದು ತಿಳಿಯುವುದು ಹೇಗೆ? ವೇಗ ನೋಡಿದರೆ ಸಾಲದೇ ಎನ್ನುತ್ತೀರಿ. ಸಾಲದು. ನಮ್ಮ ಬಯಲುಸೀಮೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಹೋಗುವಾಗ ಗಂಟೆಗೆ 35 ಕಿಲೋಮೀಟರ್ ವೇಗ ಸುಲಭವಾಗಿ ಬರುತ್ತದೆ. ಅದೇ ರಸ್ತೆಯಲ್ಲಿ ಗಾಳಿಗೆ ಎದೆಯೊಡ್ಡಿ ಹಿಂದಿರುಗುವಾಗ 24 ಕಿಲೋಮೀಟರ್ ದಾಟುವುದು ಕಷ್ಟ. ಕಾಲಿನ ದುಡಿಮೆ ಎರಡೂ ಕಡೆ ಅಷ್ಟೇ; ವೇಗ ಮಾತ್ರ ಬೇರೆ. ಗಾಳಿಯ ತಡೆಯನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ಗಾಳಿಯಿಲ್ಲದ ದಿನ ವೇಗವನ್ನು ಎರಡರಷ್ಟು ಮಾಡಬೇಕಾದರೆ, ಗಾಳಿಯ ತಡೆಗೆಂದೇ ಎಂಟರಷ್ಟು ಸಾಮರ್ಥ್ಯ ಬೇಕು. ಆದ್ದರಿಂದ ವೇಗದ ಅಂಕಿಯೊಂದನ್ನೇ ನೋಡಿ ‘ಇಂದು ಚೆನ್ನಾಗಿ ತುಳಿದೆ’, ‘ಇಂದು ಕೆಟ್ಟದಾಗಿ ತುಳಿದೆ’ ಎಂದು ತೀರ್ಮಾನಿಸಲು ಬರುವುದಿಲ್ಲ.

ಹಾಗಾದರೆ ನಾಡಿಬಡಿತ? ಅದು ಉಪಯುಕ್ತವೇ. ಆದರೆ ನೀವು ಜೋರಾಗಿ ತುಳಿಯಲು ಆರಂಭಿಸಿದ ಕೂಡಲೇ ಅದು ಏರುವುದಿಲ್ಲ, ಸ್ವಲ್ಪ ತಡವಾಗಿ ಏರುತ್ತದೆ. ಬಿಸಿಲು, ನಿದ್ದೆಗೇಡು, ನೀರಿನ ಕೊರತೆ, ಸ್ಪರ್ಧೆಯ ಭಯ ಎಲ್ಲವೂ ಅದನ್ನು ಏರಿಸುತ್ತವೆ. ನಾಡಿ ಹೇಳುವುದು ದೇಹ ಎಷ್ಟು ಬಳಲುತ್ತಿದೆ ಎಂಬುದನ್ನು; ಕಾಲು ಎಷ್ಟು ದುಡಿಯುತ್ತಿದೆ ಎಂಬುದನ್ನಲ್ಲ.

ಕಾಲಿನ ದುಡಿಮೆಯನ್ನು ನೇರವಾಗಿ ಅಳೆಯುವ ಸಾಧನವೇ ಪವರ್ ಮೀಟರ್. ಕೆಲಸ ಮಾಡುವ ದರವೇ ಸಾಮರ್ಥ್ಯ ಎಂದು ಹೈಸ್ಕೂಲಿನಲ್ಲೇ ಓದಿದ್ದೀರಿ. ಒಂದು ಸೆಕೆಂಡಿನಲ್ಲಿ ಒಂದು ಜೂಲ್ ಕೆಲಸ ನಡೆದರೆ ಅದು ಒಂದು ವ್ಯಾಟ್. ಒಂದು ಅಶ್ವಸಾಮರ್ಥ್ಯವೆಂದರೆ ಸುಮಾರು 746 ವ್ಯಾಟ್. ಮನೆಯಲ್ಲಿ ತಿರುಗುವ ಹಳೆಯ ಮಾದರಿಯ ಫ್ಯಾನಿಗೆ 75 ವ್ಯಾಟ್ ಬೇಕೆಂದು ಇಟ್ಟುಕೊಳ್ಳಿ. 150 ವ್ಯಾಟಿನಲ್ಲಿ ತುಳಿಯುವ ಹುಡುಗಿ ಅಂಥ ಎರಡು ಫ್ಯಾನುಗಳಿಗೆ ಸಾಕಾಗುವ ದರದಲ್ಲಿ ದುಡಿಯುತ್ತಿರುತ್ತಾಳೆ. ಒಂದು ಗಂಟೆ ಕಾಲ ಬಿಡದೆ 200 ವ್ಯಾಟಿನಲ್ಲಿ ತುಳಿದವನು ಬೆವರು ಸುರಿಸಿ ಮಾಡಿದ ಕೆಲಸ, ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ, ಒಂದು ಯೂನಿಟ್ಟಿನ ಐದನೇ ಒಂದು ಭಾಗ! ಇನ್ನು ಮುಂದೆ ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಆರಿಸಲು ಇದೊಂದು ಕಾರಣ ಸಾಕು.

ಈಗ ಪೆಡಲಿನ ಲೆಕ್ಕಕ್ಕೆ ಬರೋಣ. ಪೆಡಲನ್ನು ತುಳಿದಾಗ ಕ್ರ್ಯಾಂಕ್ ಎಂಬ ತೋಳು ತಿರುಗುತ್ತದೆ. ತುಳಿದ ಬಲವನ್ನು ಕ್ರ್ಯಾಂಕಿನ ಉದ್ದದಿಂದ ಗುಣಿಸಿದರೆ ಟಾರ್ಕ್, ಅಂದರೆ ತಿರುಗಿಸುವ ಬಲ ಸಿಗುತ್ತದೆ. ಟಾರ್ಕನ್ನು ಕೋನೀಯ ವೇಗದಿಂದ ಗುಣಿಸಿದರೆ ಸಾಮರ್ಥ್ಯ. ನಿಮಿಷಕ್ಕೆ 90 ಸುತ್ತು ತುಳಿಯುವಾಗ ಕೋನೀಯ ವೇಗ ಸೆಕೆಂಡಿಗೆ 9.42 ರೇಡಿಯನ್. 200 ವ್ಯಾಟ್ ಬರಬೇಕಾದರೆ ಸರಾಸರಿ ಟಾರ್ಕ್ 21.2 ನ್ಯೂಟನ್ ಮೀಟರ್ ಇರಬೇಕು. ಕ್ರ್ಯಾಂಕಿನ ಉದ್ದ 172.5 ಮಿಲಿಮೀಟರ್ ಆದರೆ, ಸರಾಸರಿ 123 ನ್ಯೂಟನ್ ಬಲ. ಹನ್ನೆರಡೂವರೆ ಕಿಲೋ ಭಾರವನ್ನು ಸದಾ ಒತ್ತುತ್ತಲೇ ಇದ್ದಂತೆ. ಕಾಗದ ಪೆನ್ಸಿಲ್ ತೆಗೆದುಕೊಂಡು ಒಮ್ಮೆ ಈ ಲೆಕ್ಕ ಮಾಡಿ ನೋಡಿ.

ಈ ಬಲವನ್ನು ಮೀಟರು ಅರಿಯುವುದು ಹೇಗೆ? ಲೋಹ ಗಟ್ಟಿ ಎಂದುಕೊಳ್ಳುತ್ತೇವೆ. ಆದರೆ ತುಳಿದಾಗ ಕ್ರ್ಯಾಂಕ್ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಭಾಗಕ್ಕೆ ತೆಳುವಾದ ಲೋಹದ ಹಾಳೆಯ ಎಳೆಗಳನ್ನು ಅಂಟಿಸಿರುತ್ತಾರೆ. ಇದಕ್ಕೆ ಸ್ಟ್ರೇನ್ ಗೇಜ್ ಎಂದು ಹೆಸರು. ಲೋಹ ಹಿಗ್ಗಿದರೆ ಎಳೆಯೂ ಹಿಗ್ಗುತ್ತದೆ, ಅದರ ವಿದ್ಯುತ್ ರೋಧ ಅತ್ಯಲ್ಪ ಪ್ರಮಾಣದಲ್ಲಿ ಬದಲಾಗುತ್ತದೆ. ಆ ಅಲ್ಪ ಬದಲಾವಣೆಯನ್ನು ಹಿಡಿಯಲು, ನೀವು ಪಿ.ಯು.ಸಿ. ಪ್ರಯೋಗಾಲಯದಲ್ಲಿ ನೋಡುವ ಅದೇ ವೀಟ್‌ಸ್ಟನ್ ಸೇತುವೆಯ ತತ್ತ್ವವನ್ನು ಬಳಸುತ್ತಾರೆ. ಸ್ಟ್ರೇನ್ ಗೇಜನ್ನು 1938ರ ಹೊತ್ತಿಗೆ ಅಮೆರಿಕದಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಎಂಬ ಇಬ್ಬರು, ಒಬ್ಬರಿಗೊಬ್ಬರು ತಿಳಿಯದೆ, ಬೇರೆ ಬೇರೆಯಾಗಿ ರೂಪಿಸಿದರು. ಅದನ್ನು ಸೈಕಲ್ಲಿನ ಕ್ರ್ಯಾಂಕಿಗೆ ಅಳವಡಿಸಿ 1986ರಲ್ಲಿ ಮೀಟರು ಮಾಡಿದವರು ಜರ್ಮನಿಯ ಉಲ್ರಿಶ್ ಶೋಬೆರರ್. ಮೂರು ಸಲ ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಅದನ್ನು ಬಳಸಿದ ಮೊದಲ ಹೆಸರಾಂತ ಸವಾರರಲ್ಲಿ ಒಬ್ಬರು. ಆಗಿನ ಮೀಟರಿನಿಂದ ಹ್ಯಾಂಡಲ್ಲಿಗೆ ತಂತಿ ಎಳೆಯಬೇಕಿತ್ತು. ಇಂದು ತಂತಿಯಿಲ್ಲ, ಅಂಕಿಗಳು ರೇಡಿಯೋ ಅಲೆಯ ಮೇಲೆ ಹ್ಯಾಂಡಲ್ಲಿನ ಪುಟ್ಟ ಪರದೆಗೆ ಬಂದು ಸೇರುತ್ತವೆ.

ಅಂಗಡಿಯಲ್ಲಿ ನಿಮಗೆ ಮುಖ್ಯವಾಗಿ ನಾಲ್ಕು ಬಗೆಯ ಮೀಟರುಗಳು ಸಿಗುತ್ತವೆ. ಎಲ್ಲಿ ಕೂರಿಸುತ್ತಾರೆ ಎಂಬುದರ ಮೇಲೆ ಈ ವಿಂಗಡಣೆ.

ಒಂದನೆಯದು ಹಿಂದಿನ ಚಕ್ರದ ಹಬ್ಬಿನಲ್ಲಿರುವುದು. ಎರಡೂ ಕಾಲುಗಳ ದುಡಿಮೆ ಸೇರಿ, ಚೈನಿನಲ್ಲಿ ಸ್ವಲ್ಪ ನಷ್ಟವಾಗಿ, ಉಳಿದದ್ದನ್ನು ಅದು ಅಳೆಯುತ್ತದೆ. ಆದರೆ ಚಕ್ರ ಬದಲಿಸಿದರೆ ಮೀಟರು ಆ ಚಕ್ರದೊಡನೆಯೇ ಹೋಯಿತು. ಎರಡನೆಯದು ಬಲಗಡೆ, ಮುಂದಿನ ಹಲ್ಲುಚಕ್ರಗಳನ್ನು ಹಿಡಿದಿರುವ ಭಾಗದಲ್ಲಿರುವುದು. ಇದೂ ಎರಡೂ ಕಾಲುಗಳ ಒಟ್ಟು ಲೆಕ್ಕ ಕೊಡುತ್ತದೆ, ಕೆಸರು ನೀರಿಗೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಆದರೆ ನಿಮ್ಮ ಸೈಕಲ್ಲಿನ ಬಾಟಮ್ ಬ್ರ್ಯಾಕೆಟ್‌ಗೆ ಅದು ಹೊಂದಬೇಕು. ಮೂರನೆಯದು ಎಡ ಕ್ರ್ಯಾಂಕಿನ ಒಳಮೈಗೆ ಅಂಟಿಸಿದ ಪುಟ್ಟ ಪೆಟ್ಟಿಗೆ. 2012ರಿಂದೀಚೆಗೆ ಇದು ಬಹಳ ಜನಪ್ರಿಯವಾಯಿತು, ಏಕೆಂದರೆ ಬೆಲೆ ಕಡಿಮೆ. ನಾಲ್ಕನೆಯದು ಪೆಡಲಿನ ಒಳಗೇ ಇರುವುದು. ಒಂದು ಸೈಕಲ್ಲಿನಿಂದ ಇನ್ನೊಂದಕ್ಕೆ ಹತ್ತು ನಿಮಿಷದಲ್ಲಿ ಬದಲಾಯಿಸಬಹುದು. ಆದರೆ ಬಿದ್ದರೆ ಮೊದಲ ಪೆಟ್ಟು ಪೆಡಲಿಗೇ. ಜೊತೆಗೆ ಆ ಪೆಡಲಿಗೆ ಸಿಕ್ಕುವ ಕ್ಲೀಟ್ ಇರುವ ಶೂ ಕೂಡ ಬೇಕು.

ಇವುಗಳಲ್ಲಿ ಅಗ್ಗದ ಮೀಟರಿನ ಗುಟ್ಟನ್ನು ನೀವು ಅವಶ್ಯವಾಗಿ ತಿಳಿದಿರಬೇಕು. ಎಡ ಕ್ರ್ಯಾಂಕಿನ ಮೀಟರು ಎಡಗಾಲನ್ನು ಮಾತ್ರ ಅಳೆಯುತ್ತದೆ. ಬಂದ ಅಂಕಿಯನ್ನು ಎರಡರಿಂದ ಗುಣಿಸಿ ಪರದೆಯ ಮೇಲೆ ತೋರಿಸುತ್ತದೆ. ಬಲಗಾಲೂ ಅಷ್ಟೇ ದುಡಿಯುತ್ತಿದೆ ಎಂಬುದು ಅದರ ನಂಬಿಕೆ, ಅಳತೆಯಲ್ಲ. ಒಂದು ಪೆಡಲಿನಲ್ಲಿ ಮಾತ್ರ ಮೀಟರು ಇರುವ ಜೋಡಿಗೂ ಇದೇ ಮಾತು ಅನ್ವಯ.

ನನ್ನ ತಪ್ಪು ನಡೆದದ್ದು ಇಲ್ಲಿಯೇ. 2022ರಲ್ಲಿ ನಮ್ಮ ಕಾಲೇಜಿನ ಹುಡುಗನೊಬ್ಬ ಎಡ ಕ್ರ್ಯಾಂಕಿನ ಮೀಟರು ಹಾಕಿಸಿಕೊಂಡ. ಪುಣೆಯಲ್ಲಿ ದುಡಿಯುತ್ತಿದ್ದ ಅವನ ಅಣ್ಣ ಆರು ತಿಂಗಳು ಉಳಿಸಿ ಕಳಿಸಿದ ಹಣ ಅದು. ಹುಡುಗ ಪ್ರತಿದಿನ ಅಂಕಿಗಳನ್ನು ತಂದು ಕೊಡುತ್ತಿದ್ದ, ನಾನು ಗ್ರಾಫ್ ಕಾಗದದ ಮೇಲೆ ಬರೆಯುತ್ತಿದ್ದೆ. ಇಪ್ಪತ್ತು ನಿಮಿಷದ ಸರಾಸರಿ 220 ವ್ಯಾಟ್ ಇತ್ತು. ರಾಜ್ಯಮಟ್ಟದ ಆಯ್ಕೆಗೆ ಐದು ವಾರ ಉಳಿದಿತ್ತು.

ಒಂದು ಬೆಳಿಗ್ಗೆ ಅವನು, “ಬಲಗಾಲಿನ ಮೊಣಕಾಲು ಯಾಕೋ ಹಿಡದಂಗ ಆಗೈತ್ರೀ ಸರ್” ಎಂದ. ನಾನು ಗ್ರಾಫ್ ನೋಡಿದೆ. ಅಂದಿನ ಅಂಕಿ 226. ಏರುತ್ತಲೇ ಇದೆ! “ಅಂಕಿ ಏರ್ತಾ ಇದೆ, ನಿನ್ನ ಮೊಣಕಾಲಿಗೆ ಏನೂ ಆಗಿಲ್ಲ, ಮುಂದುವರಿಸು” ಎಂದೆ. ಮುಂದಿನ ವಾರ 232 ಬಂತು. ಹುಡುಗ ಮತ್ತೆ ನೋವಿನ ಮಾತು ಎತ್ತಲಿಲ್ಲ. ಮೇಷ್ಟ್ರು ಹೇಳಿದ ಮೇಲೆ, ಮೀಟರೂ ಹೇಳಿದ ಮೇಲೆ, ಇನ್ನೇನು ಎತ್ತುವುದು? ಹತ್ತು ದಿನ ಕಳೆಯುವಷ್ಟರಲ್ಲಿ ಅವನಿಗೆ ಮೆಟ್ಟಿಲಿಳಿಯುವುದೂ ಆಗದಂತಾಯಿತು. ವೈದ್ಯರು ಎರಡು ತಿಂಗಳು ಸೈಕಲ್ ಮುಟ್ಟಬಾರದು ಎಂದರು. ಆಯ್ಕೆ ಕೈತಪ್ಪಿತು.

ನಡೆದದ್ದೇನು ಎಂದು ಆಮೇಲೆ ಕುಳಿತು ಯೋಚಿಸಿದೆ. ಮೊದಲು ಅವನ ಎರಡೂ ಕಾಲುಗಳು 110ರಂತೆ ದುಡಿಯುತ್ತಿದ್ದವು ಎನ್ನೋಣ, ಒಟ್ಟು 220. ನೋವು ಬಂದ ಮೇಲೆ ಅವನು ಅರಿವಿಲ್ಲದೆಯೇ ಭಾರವನ್ನು ಎಡಗಾಲಿಗೆ ವರ್ಗಾಯಿಸಿದ. ಎಡಗಾಲು 116 ಆಯಿತು. ಬಲಗಾಲು 92ಕ್ಕೆ ಇಳಿದಿದ್ದರೆ ನಿಜವಾದ ಮೊತ್ತ 208. ಆದರೆ ಮೀಟರು ಎಡಗಾಲಿನ 116ನ್ನು ಇಮ್ಮಡಿ ಮಾಡಿ 232 ಎಂದು ತೋರಿಸಿತು. ಬಲಗಾಲಿನ ಈ 92 ಎಂಬುದು ನನ್ನ ಊಹೆ, ಅದನ್ನು ಅಳೆದವರು ಯಾರೂ ಇಲ್ಲ. ಅಳೆಯದೆ ಇದ್ದದ್ದೇ ತೊಂದರೆ. ಮೀಟರು ಸುಳ್ಳು ಹೇಳಲಿಲ್ಲ. ಎಡಗಾಲಿನ ಸುದ್ದಿಯನ್ನು ಸರಿಯಾಗಿಯೇ ಹೇಳಿತು. ಬಲಗಾಲಿನ ಸುದ್ದಿಯನ್ನು ಬಲಗಾಲಿನ ಒಡೆಯನೇ ಬಂದು ಹೇಳಿದ್ದ. ಭೌತಶಾಸ್ತ್ರ ಓದಿದ ನಾನು ಕೇಳಿಸಿಕೊಳ್ಳಲಿಲ್ಲ.

ಹಾಗೆಂದು ಒಂದು ಕಾಲಿನ ಮೀಟರು ಕೊಳ್ಳಲೇಬೇಡಿ ಎಂದು ನಾನು ಹೇಳುವುದಿಲ್ಲ. ಆರೋಗ್ಯವಂತ ಸವಾರನಿಗೆ, ದಿನದಿಂದ ದಿನಕ್ಕೆ ಹೋಲಿಸಿ ನೋಡಲು, ಅದು ಸಾಕು. ಅದು ಏನನ್ನು ಅಳೆಯುವುದಿಲ್ಲ ಎಂಬುದು ನೆನಪಿನಲ್ಲಿರಬೇಕು, ಅಷ್ಟೆ. ಹಿಂದೆ ಕಾಲಿಗೆ ಪೆಟ್ಟಾಗಿದ್ದರೆ, ಎರಡು ಕಾಲುಗಳ ಬಲದಲ್ಲಿ ವ್ಯತ್ಯಾಸವಿದ್ದರೆ, ಎರಡೂ ಕಡೆ ಅಳೆಯುವ ಮೀಟರೇ ಲೇಸು.

ಆದ್ದರಿಂದ ಕೊಳ್ಳುವ ಮುನ್ನ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ನನ್ನ ಬಳಿ ಇರುವುದು ಒಂದೇ ಸೈಕಲ್ಲೋ, ಎರಡೋ? ಎರಡಿದ್ದರೆ ಪೆಡಲಿನ ಮೀಟರು ಅನುಕೂಲ. ನನ್ನ ಕ್ರ್ಯಾಂಕಿನ ಉದ್ದವೆಷ್ಟು, ಬಾಟಮ್ ಬ್ರ್ಯಾಕೆಟ್ ಯಾವುದು? ಕ್ರ್ಯಾಂಕಿನ ಒಳಬದಿಯಲ್ಲಿ ಉದ್ದವನ್ನು ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ: 165, 170, 172.5, 175 ಹೀಗೆ. ಎಡ ಕ್ರ್ಯಾಂಕಿನ ಮೀಟರು ಹಾಕಿದರೆ ಅದು ಫ್ರೇಮಿಗೆ ತಾಗುವುದಿಲ್ಲ ತಾನೆ? ಬಳಸುವ ಸೆಲ್ ನಮ್ಮೂರ ಅಂಗಡಿಯಲ್ಲಿ ಸಿಗುತ್ತದೆಯೇ? ಬಹಳ ಮೀಟರುಗಳು ಗಡಿಯಾರದ ಅಂಗಡಿಯಲ್ಲೂ ಸಿಗುವ ಸಿ.ಆರ್. 2032 ಎಂಬ ಬಿಲ್ಲೆ ಸೆಲ್ ಬಳಸುತ್ತವೆ. ಕೆಲವನ್ನು ಮೊಬೈಲಿನಂತೆ ಚಾರ್ಜ್ ಮಾಡಬೇಕು. ಉಷ್ಣತೆಯ ಏರಿಳಿತವನ್ನು ಮೀಟರು ತಾನೇ ಸರಿದೂಗಿಸಿಕೊಳ್ಳುತ್ತದೆಯೇ? ಕೆಟ್ಟರೆ ರಿಪೇರಿಗೆ ಎಲ್ಲಿಗೆ ಕಳಿಸಬೇಕು? ಇನ್ನೊಂದು ಮಾತು: ಮೀಟರಿಗೆ ಪರದೆಯಿಲ್ಲ. ಅಂಕಿ ತೋರಿಸಲು ಸೈಕಲ್ ಕಂಪ್ಯೂಟರ್ ಅಥವಾ ಮೊಬೈಲ್ ಬೇಕು. ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಮಾರುವವರು ‘ನಿಖರತೆ ಶೇಕಡಾ 1’, ‘ಶೇಕಡಾ 2’ ಎನ್ನುತ್ತಾರೆ. ಶೇಕಡಾ 2 ಎಂದರೆ, ನಿಜವಾದ 200 ವ್ಯಾಟ್ ಪರದೆಯ ಮೇಲೆ 196 ಆಗಿಯೂ ಕಾಣಬಹುದು, 204 ಆಗಿಯೂ ಕಾಣಬಹುದು. ಹಾಗಿರುವಾಗ ನಿನ್ನೆಗಿಂತ ಮೂರು ವ್ಯಾಟ್ ಇಳಿಯಿತೆಂದು ಅನ್ನ ಬಿಡುವುದರಲ್ಲಿ ಅರ್ಥವಿಲ್ಲ. ಸಂತೆಯ ತಕ್ಕಡಿಯನ್ನು ನೆನೆಸಿಕೊಳ್ಳಿ. ಕಿಲೋಗೆ ಸದಾ 50 ಗ್ರಾಂ ಹೆಚ್ಚು ತೋರಿಸುವ ತಕ್ಕಡಿಯಿಂದಲೂ, ಹೋದ ವಾರಕ್ಕಿಂತ ಈ ವಾರ ಕುಂಬಳಕಾಯಿ ಎಷ್ಟು ಬಲಿತಿದೆ ಎಂದು ತಿಳಿಯಬಹುದು. ಇಂದು ಒಂದು, ನಾಳೆ ಇನ್ನೊಂದು ತೋರಿಸುವ ತಕ್ಕಡಿಯಿಂದ ಏನೂ ತಿಳಿಯುವುದಿಲ್ಲ. ಅಭ್ಯಾಸಕ್ಕೆ ಬೇಕಾದದ್ದು ಮೊದಲು ಸ್ಥಿರತೆ. ಆ ಸ್ಥಿರತೆ ಅರ್ಧ ಮೀಟರಿನ ಗುಣ, ಇನ್ನರ್ಧ ನಿಮ್ಮ ಕೈಗುಣ.

ಆ ಕೈಗುಣದ ಮಾತಿಗೆ ಬರೋಣ. ಮೀಟರು ತಂದಾಯಿತು. ಈಗ ಹೊಂದಿಸುವುದು ಹೇಗೆ?

ಮೊದಲ ಹೆಜ್ಜೆ, ಗಟ್ಟಿಯಾಗಿ ಕೂರಿಸುವುದು. ಪೆಡಲಿನ ಮೀಟರಾದರೆ ಕ್ರ್ಯಾಂಕಿನ ತೂತನ್ನು ಬಟ್ಟೆಯಿಂದ ಒರೆಸಿ, ಥ್ರೆಡ್ಡಿಗೆ ಸ್ವಲ್ಪ ಗ್ರೀಸ್ ಸವರಿ. ಎಡ ಪೆಡಲಿನ ಥ್ರೆಡ್ ಉಲ್ಟಾ ಎಂಬುದನ್ನು ಮರೆಯಬೇಡಿ. ಸೈಕಲ್ ಶಾಪಿನ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಎಷ್ಟು ಬಿಗಿ ಮಾಡಬೇಕೆಂದು ಮೀಟರಿನೊಡನೆ ಬಂದ ಪುಸ್ತಿಕೆಯಲ್ಲಿ ನ್ಯೂಟನ್ ಮೀಟರಿನಲ್ಲಿ ಬರೆದಿರುತ್ತಾರೆ. ಟಾರ್ಕ್ ಸ್ಪ್ಯಾನರ್ ಇರುವ ಶಾಪಿನಲ್ಲಿ ಅಷ್ಟೇ ಬಿಗಿ ಮಾಡಿಸಿ. ಹೊಸದಾಗಿ ಕೂರಿಸಿದ ಮೇಲೆ ನಾಲ್ಕೈದು ಸಲ ಜೋರಾಗಿ ತುಳಿದು, ಮತ್ತೊಮ್ಮೆ ಬಿಗಿ ಪರೀಕ್ಷಿಸಿ. ಸಡಿಲವಾದ ಪೆಡಲಿನ ಮೇಲೆ ಎಂಥ ಮೀಟರೂ ಸರಿಯಾದ ಅಂಕಿ ಕೊಡದು.

ಎರಡನೆಯದು, ಜೋಡಿಸುವುದು. ಮೀಟರು ನಿದ್ದೆಯಲ್ಲಿರುತ್ತದೆ, ಕ್ರ್ಯಾಂಕನ್ನು ನಾಲ್ಕು ಸುತ್ತು ತಿರುಗಿಸಿದರೆ ಎಚ್ಚರಗೊಳ್ಳುತ್ತದೆ. ಬಹುತೇಕ ಮೀಟರುಗಳು ಆಂಟ್ ಪ್ಲಸ್, ಬ್ಲೂಟೂತ್ ಎಂಬ ಎರಡು ಬಗೆಯ ರೇಡಿಯೋ ಭಾಷೆಗಳಲ್ಲಿ ಮಾತನಾಡುತ್ತವೆ. ಎರಡೂ 2.4 ಗಿಗಾಹರ್ಟ್ಸ್ ಆವೃತ್ತಿಯವೇ. ಆಂಟ್ ಪ್ಲಸ್ ಎಂಬುದು ಧ್ವನಿವರ್ಧಕದ ಪ್ರಕಟಣೆಯಂತೆ, ಎಷ್ಟು ಜನ ಬೇಕಾದರೂ ಕೇಳಿಸಿಕೊಳ್ಳಬಹುದು. ಬ್ಲೂಟೂತ್ ದೂರವಾಣಿ ಕರೆಯಂತೆ, ಒಮ್ಮೆಗೆ ಒಬ್ಬರೊಡನೆ ಅಥವಾ ಕೆಲವರೊಡನೆ ಮಾತ್ರ. ಜೇಬಿನ ಮೊಬೈಲು ಮೀಟರನ್ನು ಹಿಡಿದುಕೊಂಡಿದ್ದರೆ ಹ್ಯಾಂಡಲ್ಲಿನ ಪರದೆಗೆ ಅದು ಸಿಗದೆ ಹೋಗಬಹುದು. ಪ್ರತಿ ಮೀಟರಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ಸಲ ಜೋಡಿಸುವ ಕೆಲಸವನ್ನು ಮನೆಯಲ್ಲೇ ಮಾಡಿ. ಸ್ಪರ್ಧೆಯ ಗೆರೆಯಲ್ಲಿ, ಹತ್ತಾರು ಮೀಟರುಗಳ ನಡುವೆ ಜೋಡಿಸಹೊರಟರೆ ಪಕ್ಕದವನ ಕಾಲಿನ ಲೆಕ್ಕ ನಿಮ್ಮ ಪರದೆಯಲ್ಲಿ ಬರಬಹುದು! ನಮ್ಮ ದೇಹದ ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಅಂಕಿ ಗ್ರಹಿಸುವ ಸಾಧನ ಬೆನ್ನ ಹಿಂದಿನ ಜೇಬಿನಲ್ಲಿರುವುದಕ್ಕಿಂತ ಹ್ಯಾಂಡಲ್ಲಿನ ಮೇಲಿರುವುದು ಒಳ್ಳೆಯದು.

ಮೂರನೆಯದು, ಕ್ರ್ಯಾಂಕಿನ ಉದ್ದ ತುಂಬುವುದು. ಪೆಡಲಿನ ಮೀಟರು ಬಲವನ್ನು ಮಾತ್ರ ಬಲ್ಲದು. ತಾನು ಎಷ್ಟು ಉದ್ದದ ತೋಳಿನ ತುದಿಯಲ್ಲಿದ್ದೇನೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ನಾವೇ ಹೇಳಬೇಕು. ನಿಜವಾದ ಉದ್ದ 172.5 ಇರುವಾಗ 165 ಎಂದು ತುಂಬಿದರೆ, ಅಂಕಿ ಶೇಕಡಾ 4ಕ್ಕಿಂತ ಹೆಚ್ಚು ಕಡಿಮೆ ಬರುತ್ತದೆ. 230 ವ್ಯಾಟ್ ತುಳಿದವನಿಗೆ 220 ಎಂದು ಕಾಣುತ್ತದೆ. ಸ್ನೇಹಿತನ ಸೈಕಲ್ಲಿಗೆ ಪೆಡಲು ಬದಲಾಯಿಸಿ, ಉದ್ದ ಬದಲಾಯಿಸಲು ಮರೆತು, ‘ನನಗೇಕೋ ಶಕ್ತಿಯೇ ಇಲ್ಲ’ ಎಂದು ಕೊರಗುವವರನ್ನು ನಾನು ಕಂಡಿದ್ದೇನೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಇದಕ್ಕೆ ಝೀರೋ ಆಫ್‌ಸೆಟ್ ಎನ್ನುತ್ತಾರೆ. ಪರದೆಯಲ್ಲಿ ಕೆಲವೊಮ್ಮೆ ‘ಕ್ಯಾಲಿಬ್ರೇಟ್’ ಎಂದಿರುತ್ತದೆ. ಕಿರಾಣಿ ಅಂಗಡಿಯವರು ತೂಗುವ ಮುನ್ನ ಬರಿಯ ತಕ್ಕಡಿಯನ್ನು ಎತ್ತಿ ಹಿಡಿದು ಮುಳ್ಳು ನೆಟ್ಟಗಿದೆಯೇ ಎಂದು ನೋಡುತ್ತಿದ್ದರಲ್ಲ, ಇದೂ ಅದೇ. ಕಾಲಿನ ಭಾರವೇ ಇಲ್ಲದಾಗ ಮೀಟರು ಸೊನ್ನೆ ಎನ್ನಬೇಕು. ಲೋಹ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಸ್ಟ್ರೇನ್ ಗೇಜ್ ಅದನ್ನೂ ತುಳಿತವೆಂದೇ ತಿಳಿಯುವ ಸಂಭವವಿದೆ. ಸೊನ್ನೆಯಲ್ಲಿ ಒಂದೇ ಒಂದು ನ್ಯೂಟನ್ ಮೀಟರ್ ತಪ್ಪಿದ್ದರೆ, ನಿಮಿಷಕ್ಕೆ 90 ಸುತ್ತಿನಲ್ಲಿ ಒಂಬತ್ತು ವ್ಯಾಟಿಗಿಂತ ಹೆಚ್ಚು ತಪ್ಪಾಗುತ್ತದೆ. ಆದ್ದರಿಂದ ಸೈಕಲ್ಲನ್ನು ಮನೆಯೊಳಗಿಂದ ತಂದು ಹದಿನೈದು ನಿಮಿಷ ಹೊರಗೆ ನಿಲ್ಲಿಸಿ. ಸೈಕಲ್ ನೆಟ್ಟಗಿರಲಿ, ಕ್ರ್ಯಾಂಕ್ ನೆಲಕ್ಕೆ ಲಂಬವಾಗಿರಲಿ, ಪೆಡಲಿನ ಮೇಲೆ ಕಾಲಿರಬಾರದು. ಆಗ ಗುಂಡಿ ಒತ್ತಿ. ಪ್ರತಿ ಸವಾರಿಗೆ ಮುನ್ನ ಇದನ್ನು ಮಾಡಿ. ಮುಂಜಾನೆಯ ಚಳಿಯಲ್ಲಿ ಹೊರಟು ಬಿಸಿಲೇರಿದ ಮೇಲೂ ಸವಾರಿ ಮುಂದುವರಿದರೆ, ನಡುವೆ ನಿಲ್ಲಿಸಿ ಇನ್ನೊಮ್ಮೆ ಮಾಡಿ. ಅರ್ಧ ನಿಮಿಷದ ಕೆಲಸ.

ಐದನೆಯದು, ಪರದೆಯ ಹೊಂದಿಕೆ. ಕ್ಷಣ ಕ್ಷಣದ ಅಂಕಿ ಬಹಳ ಕುಣಿಯುತ್ತದೆ. ಮೂರು ಸೆಕೆಂಡಿನ ಸರಾಸರಿ ತೋರಿಸುವಂತೆ ಹೊಂದಿಸಿಕೊಂಡರೆ ಓದಲು ಹಿತ. ಸವಾರಿಯ ಸರಾಸರಿ ತೆಗೆಯುವಾಗ, ತುಳಿಯದೆ ಉರುಳಿದ ಹೊತ್ತಿನ ಸೊನ್ನೆಗಳೂ ಲೆಕ್ಕಕ್ಕೆ ಸೇರಬೇಕು. ಅವನ್ನು ಬಿಟ್ಟರೆ ಸರಾಸರಿ ಸುಳ್ಳುಸುಳ್ಳಾಗಿ ಏರಿ ಮನಸ್ಸಿಗೆ ಸಂತೋಷವಾಗುತ್ತದೆ, ಅಷ್ಟೇ.

ಭೌತಶಾಸ್ತ್ರದ ವಿದ್ಯಾರ್ಥಿಗಳು ಒಂದು ಹೆಜ್ಜೆ ಮುಂದೆ ಹೋಗಿ ಮೀಟರನ್ನೇ ಪರೀಕ್ಷಿಸಬಹುದು. ಕ್ರ್ಯಾಂಕನ್ನು ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ಚಾಚಿ, ಹಿಂದಿನ ಬ್ರೇಕ್ ಬಿಗಿ ಹಿಡಿದು, ಸರಿಯಾಗಿ ತೂಗಿದ 10 ಕಿಲೋ ಭಾರವನ್ನು ಪೆಡಲಿನ ಅಚ್ಚಿಗೆ ತೂಗುಹಾಕಿ. 10ನ್ನು 9.8ರಿಂದ, ಅದನ್ನು 0.1725ರಿಂದ ಗುಣಿಸಿದರೆ 16.9 ನ್ಯೂಟನ್ ಮೀಟರ್. ಟಾರ್ಕ್ ತೋರಿಸುವ ಮೀಟರಾದರೆ ಹೆಚ್ಚು ಕಡಿಮೆ ಅಷ್ಟನ್ನೇ ತೋರಿಸಬೇಕು. ಎಡಗಾಲಿನ ಮೀಟರುಗಳಲ್ಲಿ ಕೆಲವು ಇಲ್ಲಿಯೂ ಇಮ್ಮಡಿ ಮಾಡಿ ತೋರಿಸುತ್ತವೆ; ಅದನ್ನು ಗಮನದಲ್ಲಿಡಿ.

ಇನ್ನು ಅಂಕಿಯನ್ನು ಬಳಸುವ ಬಗೆ. ಅಮೆರಿಕದ ಆಂಡ್ರ್ಯೂ ಕಾಗನ್ ಎಂಬ ವಿಜ್ಞಾನಿ ರೂಢಿಗೆ ತಂದ ಒಂದು ಅಳತೆಯಿದೆ. ಸುಮಾರು ಒಂದು ಗಂಟೆ ಕಾಲ ಸವಾರ ಉಳಿಸಿಕೊಳ್ಳಬಲ್ಲ ಗರಿಷ್ಠ ಸಾಮರ್ಥ್ಯವದು. ಗಂಟೆಗಟ್ಟಲೆ ಪರೀಕ್ಷಿಸುವುದು ಕಷ್ಟವಾದ್ದರಿಂದ, ಚೆನ್ನಾಗಿ ಮೈ ಬಿಸಿ ಮಾಡಿಕೊಂಡು ಇಪ್ಪತ್ತು ನಿಮಿಷ ಶಕ್ತಿಮೀರಿ ತುಳಿದು, ಬಂದ ಸರಾಸರಿಯ ಶೇಕಡಾ 95ನ್ನು ತೆಗೆದುಕೊಳ್ಳುತ್ತಾರೆ. 210 ಬಂದರೆ ಸುಮಾರು 200 ಎಂದು ಲೆಕ್ಕ. ಅಭ್ಯಾಸದ ದಿನಗಳನ್ನು ಹಗುರ, ಮಧ್ಯಮ, ಕಠಿಣ ಎಂದು ವಿಂಗಡಿಸಲು ಇದೇ ಆಧಾರ. ಏರು ರಸ್ತೆಯಲ್ಲಿ ಹೋಲಿಸುವಾಗ ವ್ಯಾಟನ್ನು ದೇಹದ ತೂಕದಿಂದ ಭಾಗಿಸಬೇಕು. 50 ಕಿಲೋ ತೂಗುವ ಹುಡುಗಿಯ 175 ವ್ಯಾಟ್, 70 ಕಿಲೋ ತೂಗುವ ಹುಡುಗನ 210 ವ್ಯಾಟಿಗಿಂತ ಮೇಲು. ಆದರೆ ಈ ಲೆಕ್ಕ ನೋಡಿ ಯಾರೂ ಊಟ ಬಿಡಬೇಡಿ. ಬೆಳೆಯುವ ವಯಸ್ಸಿನಲ್ಲಿ ತೂಕ ಇಳಿಸಿ ಅಂಕಿ ಏರಿಸುವುದು ಅಪಾಯದ ದಾರಿ.

ಮೀಟರಿಗೆ ಹತ್ತಾರು ಸಾವಿರ ರೂಪಾಯಿ ಬೇಕು. ಎಷ್ಟೋ ಮನೆಗಳಲ್ಲಿ ಸೈಕಲ್ಲಿಗೇ ಅಷ್ಟು ಹಣ ಇರುವುದಿಲ್ಲ. ಅಂಥವರು ಈ ವಿಷಯ ನಮಗಲ್ಲ ಎಂದು ಪುಸ್ತಕ ಮುಚ್ಚಬೇಕಾಗಿಲ್ಲ. ನಿಮ್ಮೂರಿನ ಬಳಿ ಒಂದು ಏರು ರಸ್ತೆ ಇದ್ದರೆ ಅದೇ ನಿಮ್ಮ ಮೀಟರು. ಸರ್ವೇ ಆಫ್ ಇಂಡಿಯಾದ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳನ್ನು ನೋಡಿ ಏರಿನ ಎತ್ತರ ತಿಳಿದುಕೊಳ್ಳಿ. ಎತ್ತರ 100 ಮೀಟರ್ ಎನ್ನಿ. ನೀವು 60 ಕಿಲೋ, ಸೈಕಲ್ಲು 10 ಕಿಲೋ, ಒಟ್ಟು 70. ಹತ್ತಲು 6 ನಿಮಿಷ 40 ಸೆಕೆಂಡ್, ಅಂದರೆ 400 ಸೆಕೆಂಡ್ ಹಿಡಿಯಿತು. 70ನ್ನು 9.8ರಿಂದ, ಮತ್ತೆ 100ರಿಂದ ಗುಣಿಸಿ, 400ರಿಂದ ಭಾಗಿಸಿ. 171.5 ವ್ಯಾಟ್. ಇದು ಗುರುತ್ವದ ವಿರುದ್ಧ ಮಾಡಿದ ಕೆಲಸ ಮಾತ್ರ. ಏರಿನ ಉದ್ದ ಒಂದೂಮುಕ್ಕಾಲು ಕಿಲೋಮೀಟರಿನಷ್ಟಿದ್ದರೆ, ಗಾಳಿಗೆ ಮತ್ತು ಟೈರಿನ ಘರ್ಷಣೆಗೆ ಇನ್ನೊಂದು 30 ವ್ಯಾಟ್ ಸೇರಿಸಿ. ಸುಮಾರು 200 ವ್ಯಾಟ್ ಆಯಿತು. ಗಾಳಿಯಿಲ್ಲದ ಮುಂಜಾನೆ, ಅದೇ ಏರು, ಅದೇ ಸೈಕಲ್, ತಿಂಗಳಿಗೊಮ್ಮೆ ಗಡಿಯಾರ ನೋಡಿ ಬರೆದಿಡಿ. ಈ ಮೀಟರಿಗೆ ಸೆಲ್ ಬೇಡ, ಎರಡೂ ಕಾಲುಗಳನ್ನು ಅಳೆಯುತ್ತದೆ ಕೂಡ!

ಕೊನೆಯದಾಗಿ ಆ ಹುಡುಗನ ವಿಷಯ. ಅವನು ಗುಣವಾಗಿ ಮರುವರ್ಷ ಮತ್ತೆ ಸೈಕಲ್ ಹತ್ತಿದ. ಅದೇ ಎಡಗಾಲಿನ ಮೀಟರನ್ನೇ ಇಂದಿಗೂ ಬಳಸುತ್ತಿದ್ದಾನೆ. ನಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಒಂದು ಬದಲಾವಣೆಯಾಗಿದೆ. ಮೊದಲು ದಿನಾಂಕ, ದೂರ, ವ್ಯಾಟ್ ಎಂದು ಮೂರು ಕಲಮುಗಳಿದ್ದವು. ಈಗ ನಾಲ್ಕನೆಯ ಕಲಮು ಇದೆ. ಅದರ ತಲೆಬರಹ ‘ಹೇಗಿದ್ದೀ?’ ಎಂದು. ಅದನ್ನು ಅವನೇ ತನ್ನ ಕೈಯಿಂದ ತುಂಬಬೇಕು. ವ್ಯಾಟಿನ ಕಲಮಿಗಿಂತ ಮೊದಲು ನಾನು ಓದುವುದು ಅದನ್ನೇ.

ನೀವೂ ಮೀಟರು ಕೊಳ್ಳಿ, ಕೊಳ್ಳದಿರಿ. ಆ ನಾಲ್ಕನೆಯ ಕಲಮನ್ನು ಇಂದೇ ಗೆರೆ ಎಳೆದು ಸಿದ್ಧಮಾಡಿಕೊಳ್ಳಿ. ಹೆಲ್ಮೆಟ್ ಹಾಕಿಕೊಂಡು, ರಸ್ತೆಯ ಎಡಬದಿಯಲ್ಲಿ, ಪರದೆಗಿಂತ ರಸ್ತೆಯನ್ನೇ ಹೆಚ್ಚು ನೋಡುತ್ತಾ ತುಳಿಯಿರಿ.